ಸಿಳ್ಳೆ ಹೊಡೆಯೋಕೆ ಬರುತ್ತಾ?

ಎಲ್ಲರಿಗೂ ನಮಸ್ಕಾರ. ಸಂತರ ಕತೆ ಅಂದ್ರೆ ಪವಾಡದಿಂದ ಶುರುವಾಗಬೇಕು, ಅಲ್ವಾ? ಡಾನ್ ಬೋಸ್ಕೊ ಅವರ ಕತೆಯನ್ನು ನಾನು ಒಂದು ಏಟಿನಿಂದ ಶುರು ಮಾಡುತ್ತೇನೆ. ಅಂದಹಾಗೆ, ಈ ‘ಡಾನ್’ ನಮ್ಮ ಸಿನಿಮಾದ ಡಾನ್ ಅಲ್ಲ. ಇಟಲಿಯಲ್ಲಿ ಪಾದ್ರಿಗಳನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ.

1841ರ ಡಿಸೆಂಬರ್ 8, ಟ್ಯೂರಿನ್ ನಗರ. ಚರ್ಚಿನಲ್ಲಿ ಪಾದ್ರಿಗಳು ಪೂಜೆಗೆ ಸಿದ್ಧವಾಗುವ ಕೋಣೆ. ಅಲ್ಲಿಗೆ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಹುಡುಗ ಬಂದು ನಿಂತ. ಹದಿನಾರು ವರ್ಷ, ಗಾರೆ ಕೆಲಸ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಪೂಜೆಗೆ ಸಹಾಯ ಮಾಡು ಅಂದ ಚರ್ಚಿನ ಆಳು. ನನಗೆ ಬರಲ್ಲ ಅಂದ ಹುಡುಗ. ಆಳು ಧೂಳು ಹೊಡೆಯುವ ಕೋಲನ್ನೇ ಎತ್ತಿಕೊಂಡು ಬಾರಿಸಿ ಓಡಿಸಿದ.

ಬೋಸ್ಕೊ ಪಾದ್ರಿಯಾಗಿ ಆಗಿನ್ನೂ ಆರು ತಿಂಗಳು. ‘ಅವನು ನನ್ನ ಗೆಳೆಯ, ಕರೀರಿ’ ಅಂದರು. ಮುಂದಿನ ಮಾತುಕತೆಯನ್ನು ಹೀಗೆ ಹೇಳಿಕೊಂಡು ಬಂದಿದ್ದಾರೆ. ಓದೋಕೆ ಬರುತ್ತಾ? ಇಲ್ಲ. ಹಾಡೋಕೆ? ಇಲ್ಲ. ಸಿಳ್ಳೆ ಹೊಡೆಯೋಕೆ? ಹುಡುಗ ನಕ್ಕುಬಿಟ್ಟ. ಮುಂದಿನ ಭಾನುವಾರ ತನ್ನಂಥವರನ್ನೂ ಜೊತೆಗೆ ಕರೆತಂದ.

ಈ ಸಿಳ್ಳೆ ಪ್ರಶ್ನೆ ಸುಮ್ನೆ ಹೊಳೆಯುವಂಥದ್ದಲ್ಲ. ಬೋಸ್ಕೊ ಹುಟ್ಟಿದ್ದು 1815ರಲ್ಲಿ, ಬೆಕ್ಕಿ ಎಂಬ ಸಣ್ಣ ಹಳ್ಳಿಯ ರೈತರ ಮನೆಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಹುಡುಗ ಸಂತೆಯಲ್ಲಿ ದೊಂಬರಾಟ ನೋಡಿ ಕಲಿತ, ಹಗ್ಗದ ಮೇಲೆ ನಡೆದ, ಜಾದೂ ತೋರಿಸಿದ. ನೋಡೋಕೆ ಬಂದವರು ಮಧ್ಯದಲ್ಲಿ ಜಪಮಾಲೆ ಹೇಳಬೇಕು. ಅದೇ ಟಿಕೆಟ್ಟು! ಓದಿನ ಖರ್ಚಿಗೆ ದರ್ಜಿ ಅಂಗಡಿ, ಕಾಫಿ ಅಂಗಡಿಗಳಲ್ಲೂ ದುಡಿದ.

ಟ್ಯೂರಿನ್‌ಗೆ ಆಗ ಹಳ್ಳಿಗಳಿಂದ ಮಕ್ಕಳು ಕೂಲಿಗೆ ಬರುತ್ತಿದ್ದರು. ಎಷ್ಟೋ ಮಂದಿ ಜೈಲು ಸೇರುತ್ತಿದ್ದರು. ಬೋಸ್ಕೊ ಆ ಜೈಲುಗಳಿಗೂ ಹೋಗಿ ಬಂದವರು. ಬೋಸ್ಕೊ ಹತ್ತಿರ ಸೇರುತ್ತಿದ್ದ ಹುಡುಗರ ಗಲಾಟೆಗೆ ಜನ ಇವರನ್ನು ಒಂದೊಂದೇ ಜಾಗದಿಂದ ಎಬ್ಬಿಸಿದರು. ಕೊನೆಗೆ 1846ರಲ್ಲಿ ಟ್ಯೂರಿನ್‌ನ ವಾಲ್ದೊಕ್ಕೊ ಎಂಬ ಕಡೆ ಒಂದು ತಗ್ಗು ಶೆಡ್ಡು ಬಾಡಿಗೆಗೆ ಸಿಕ್ಕಿತು. ತಾಯಿ ಮಾರ್ಗರಿಟಾ ಹಳ್ಳಿ ಬಿಟ್ಟು ಬಂದು ಅಡುಗೆಗೆ, ಹರಿದ ಬಟ್ಟೆ ಹೊಲಿಯೋಕೆ ನಿಂತರು. ಮದುವೆಯ ಒಡವೆ ಮಾರಿದರು. ಆದರೆ ಹುಡುಗರು ಸಿಪಾಯಿ ಆಟ ಆಡ್ತಾ ತರಕಾರಿ ಮಡಿಯನ್ನೆಲ್ಲ ತುಳಿದು ಹಾಕಿದ ದಿನ, ‘ನಾನು ಊರಿಗೆ ಹೋಗ್ತೀನಪ್ಪ’ ಅಂದೇಬಿಟ್ಟರು. ಮಗ ಏನೂ ಹೇಳದೆ ಗೋಡೆಯ ಶಿಲುಬೆಯತ್ತ ಕೈ ತೋರಿಸಿದರು. ತಾಯಿ ಒಳಗೆ ಹೋದರು. 1856ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಸಂತ ಪಟ್ಟ ಸಿಕ್ಕಿದ್ದು ಮಗನಿಗೆ, 1934ರಲ್ಲಿ. ನನಗೆ ಮಾತ್ರ ಈ ಅಮ್ಮನೇ ಜಾಸ್ತಿ ನೆನಪಾಗುತ್ತಾರೆ.

ಬರೀ ಊಟ, ಪ್ರಾರ್ಥನೆ ಸಾಲದು ಅಂತ ಬೋಸ್ಕೊಗೆ ಗೊತ್ತಿತ್ತು. ಹುಡುಗರನ್ನು ಕಸುಬಿಗೆ ಹಚ್ಚುವಾಗ ಮಾಲೀಕರಿಂದ ಕರಾರು ಪತ್ರ ಬರೆಸಿಕೊಳ್ಳುತ್ತಿದ್ದರು. 1852ರದ್ದು ಒಂದು ಉಳಿದಿದೆ, ಬಡಗಿ ಕೆಲಸಕ್ಕೆ ಸೇರಿದ ಹುಡುಗನದ್ದು. ತಪ್ಪಾದರೆ ಬಾಯಿಮಾತಿನಲ್ಲೇ ತಿದ್ದಬೇಕು. ಹಬ್ಬದ ದಿನ ರಜೆ ಕೊಡಬೇಕು. ಮಾಲೀಕನ ಸಹಿ ಇದೆ, ಬೋಸ್ಕೊ ಸಹಿಯೂ ಇದೆ.

ಬೆಂಗಳೂರಿನಲ್ಲಿ ಬೀದಿ ಮಕ್ಕಳ ಜೊತೆ ಕೆಲಸ ಮಾಡುವ ಅವರು ಕಟ್ಟಿದ ಪಾದ್ರಿಗಳ ಸಭೆಯವರ ಸಂಸ್ಥೆಗೂ ‘ಬೋಸ್ಕೊ’ ಅಂತಲೇ ಹೆಸರು. ಅದರ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ಓದಿದರೆ ಬೆಂಗಳೂರು ಓಣಿಯವರ ಸೇವಾ ಕೂಟ. ಹೆಸರಿಟ್ಟವರಿಗೆ ಕನ್ನಡವೂ ಗೊತ್ತಿತ್ತು, ಓಣಿಯೂ ಗೊತ್ತಿತ್ತು.