ಗೋವಾಲಿಯಾ ಟ್ಯಾಂಕಿನಿಂದ ಕಳ್ಳ ರೇಡಿಯೋದವರೆಗೆ

ಕೇಳುಗರೇ, ನಮಸ್ಕಾರ.

ಮುಂಬೈಯಲ್ಲೇ ಹುಟ್ಟಿ ಬೆಳೆದರೂ ಆಗಸ್ಟ್ ಕ್ರಾಂತಿ ಮೈದಾನ ನೋಡದ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟು ಮಂದಿ. ರಾಜಧಾನಿ ರೈಲಿನ ಹೆಸರಾಗಿ ಗೊತ್ತು, ಅಷ್ಟೇ. ಮಾಟುಂಗ ರೋಡ್‌ನಲ್ಲಿ ಸ್ಲೋ ಲೋಕಲ್ ಹತ್ತಿ, ಗ್ರಾಂಟ್ ರೋಡ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ನಾನು ಹೋದಾಗ ಹುಡುಗರ ಕ್ರಿಕೆಟ್ ಜೋರಾಗಿತ್ತು. ಹುತಾತ್ಮರ ಸ್ಮಾರಕದ ಮುಂದೆ ನಿಂತಿದ್ದೆ. ಚೆಂಡು ಕಾಲ ಬುಡಕ್ಕೆ ಉರುಳಿ ಬಂತು. ‘ಅಂಕಲ್, ಬಾಲ್ ಫೇಕೋ!’ ಎಸೆದೆ.

1942ರ ಆಗಸ್ಟ್ 8ರಂದು ಗಾಂಧೀಜಿ ‘ಮಾಡು ಇಲ್ಲವೇ ಮಡಿ’ ಎಂದದ್ದು ಇಲ್ಲೇ. ಆಗ ಇದು ಗೋವಾಲಿಯಾ ಟ್ಯಾಂಕ್. ಬೆಳಗಾಗುವುದರೊಳಗೆ ದೊಡ್ಡ ನಾಯಕರೆಲ್ಲ ಬಂಧನಕ್ಕೊಳಗಾದರು. ಆದರೂ 9ರಂದು ಅರುಣಾ ಆಸಫ್ ಅಲಿ ಇಲ್ಲಿ ಧ್ವಜ ಏರಿಸಿಯೇಬಿಟ್ಟರು. ಇಷ್ಟು ಶಾಲೆಯ ಪಾಠದಲ್ಲೇ ಓದಿರುತ್ತೀರಿ.

ರೇಡಿಯೋ ಮುಂದೆ ಕೂತವನಿಗೆ ಜಾಸ್ತಿ ಕಾಡುವುದು ಮುಂದಿನ ಕಥೆ. ಯುದ್ಧದ ಕಾಲ, ಪತ್ರಿಕೆಗಳ ಬಾಯಿಗೆ ಬೀಗ. ಖಾಸಗಿಯವರ ಟ್ರಾನ್ಸ್‌ಮಿಟರುಗಳ ಲೈಸೆನ್ಸೂ ರದ್ದು. ಅಂಥದ್ದರಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಆ ಆಗಸ್ಟ್ ಮುಗಿಯುವ ಮೊದಲೇ ‘ಕಾಂಗ್ರೆಸ್ ರೇಡಿಯೋ’ ಶುರುಮಾಡಿದರು. 42.34 ಮೀಟರ್ ತರಂಗಾಂತರ, ‘ಭಾರತದ ಯಾವುದೋ ಒಂದು ಕಡೆಯಿಂದ’. ಆ ‘ಒಂದು ಕಡೆ’ ಯಾವುದು ಅಂತೀರಿ? ಚೌಪಾಟಿಯ ಬಾಡಿಗೆ ಮನೆ! ಪೊಲೀಸರ ವ್ಯಾನು ವಾಸನೆ ಹಿಡಿಯುವಷ್ಟರಲ್ಲಿ ಗಂಟುಮೂಟೆ ಕಟ್ಟಿ ಇನ್ನೊಂದು ಮನೆ. ಚಿತ್ತಗಾಂಗ್ ಮೇಲೆ ಬಾಂಬ್ ಬಿದ್ದದ್ದು, ಜಮ್‌ಶೇಡ್‌ಪುರದ ಮುಷ್ಕರ, ಪತ್ರಿಕೆಗಳು ಮುಟ್ಟಲೂ ಹೆದರುತ್ತಿದ್ದ ಸುದ್ದಿಯನ್ನೆಲ್ಲ ಇವರು ಹೇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬೆನ್ನಿಗಿದ್ದರು.

ನವೆಂಬರ್ 12ರಂದು ಸಿಕ್ಕಿಬಿದ್ದರು. ಒಳಗಿನ ತಂತ್ರಜ್ಞನೊಬ್ಬನೇ ಸುಳಿವು ಕೊಟ್ಟಿದ್ದ. ತಿಂಗಳುಗಟ್ಟಲೆ ವಿಚಾರಣೆ ನಡೆದರೂ ಉಷಾ ತುಟಿ ಬಿಚ್ಚಲಿಲ್ಲ. ನಾಲ್ಕು ವರ್ಷ ಶಿಕ್ಷೆಯಾಯಿತು, ಪುಣೆಯ ಯೆರವಡಾ ಜೈಲು. 1946ರಲ್ಲಿ ಹೊರಗೆ ಬಂದು ಮತ್ತೆ ಓದಿದರು, ಮುಂಬೈ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಮೈದಾನದಲ್ಲಿ ನಿಂತು ಕಂಬಕ್ಕೆ ಕೈಮುಗಿದು ಬಂದರೆ ಇದೆಲ್ಲ ತಿಳಿಯುವುದಿಲ್ಲ, ಅದು ನನ್ನ ತಕರಾರು. ಅಲ್ಲಿಂದ ಲ್ಯಾಬರ್ನಮ್ ರೋಡಿನ ಮಣಿ ಭವನಕ್ಕೂ ಹೋಗಿ. ಗಾಂಧೀಜಿ ಮುಂಬೈಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆ ಅದು. ಮುಂದೆ ಅಲ್ಲಿನ ಗಾಂಧಿ ಸಂಗ್ರಹಾಲಯದ ಹೊಣೆಯನ್ನು ಬಹಳ ಕಾಲ ಹೊತ್ತಿದ್ದವರೂ ಇದೇ ಉಷಾಬೆನ್. ಮಕ್ಕಳನ್ನೂ ಕರಕೊಂಡು ಹೋಗಿ. ಕಳ್ಳ ರೇಡಿಯೋ ಅಂದರೆ ಅವರ ಕಿವಿ ತಾನಾಗಿ ನೆಟ್ಟಗಾಗುತ್ತದೆ, ಅಲ್ವಾ?

ನಮಸ್ಕಾರ.