ಮೂಟೆ ಇಳಿಸಿದ ಮೇಲಿನ ಪಿಕಪ್

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಿಂದ ಈರುಳ್ಳಿ, ಆಲೂಗಡ್ಡೆ ಮೂಟೆ ತುಂಬಿಕೊಂಡು ಹೊರಡುವ ಪಿಕಪ್‌ಗಳನ್ನು ನೀವು ನೋಡಿರುತ್ತೀರಿ. ಬಡಾವಣೆಗಳ ಅಂಗಡಿಗಳಿಗೆ ಸರಕು ಇಳಿಸಿದ ಮೇಲೆ ಅದೇ ಗಾಡಿ ಉಳಿದ ಹೊತ್ತೆಲ್ಲ ಖಾಲಿಯಾಗಿಯೋ ಅರ್ಧ ತುಂಬಿಕೊಂಡೋ ಊರೆಲ್ಲ ಸುತ್ತುತ್ತದೆ. ಹತ್ತು ವರ್ಷ ದಾಟಿದ ಬೊಲೆರೊ ಪಿಕಪ್ ಇರಲಿ, ಟಾಟಾ 207 ಇರಲಿ, ಅದರ ಶಾಕ್ ಅಬ್ಸಾರ್ಬರ್ ಬದಲಿಸುವ ಹೊತ್ತು ಬಂದಾಗ ಮಾಲೀಕರು ಬಿಡಿಭಾಗದ ಅಂಗಡಿಯಲ್ಲಿ ಆಡುವ ಮೊದಲ ಮಾತು ಒಂದೇ: “ಲೋಡ್ ಹೊಡೆಯುವ ಗಾಡಿ, ಗಟ್ಟಿಯಾದದ್ದು ಕೊಡಿ.” ಈ ಮಾತಿನಿಂದ ಹಣವೂ ಹಾಳು, ಗಾಡಿಯೂ ಹಾಳು, ಓಡಿಸುವವರ ಸೊಂಟವೂ ಹಾಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್‌ಗೆ ಆ ಕೆಲಸವೇ ಇಲ್ಲ. ಚಕ್ರ ಒಂದು ಉಬ್ಬನ್ನು ಹತ್ತಿಳಿದಾಗ ಸ್ಪ್ರಿಂಗ್ ಕುಗ್ಗಿ ಹಿಗ್ಗಿ ತೂಗಾಡತೊಡಗುತ್ತದೆ. ಆ ತೂಗಾಟವನ್ನು ಒಂದೆರಡು ಸಲಕ್ಕೆ ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ, ಎಣ್ಣೆಯಲ್ಲಿ ಪಿಸ್ಟನ್ ಓಡಾಡುತ್ತದೆ. ಪಿಸ್ಟನ್ ಚಲಿಸಬೇಕಾದರೆ ಎಣ್ಣೆ ಸಣ್ಣ ರಂಧ್ರಗಳ ಮೂಲಕ, ವಾಲ್ವ್‌ಗಳನ್ನು ತಳ್ಳಿಕೊಂಡು ನುಸುಳಬೇಕು. ಆ ಪ್ರಯಾಸದಲ್ಲಿ ಕುಲುಕಾಟದ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ಆದ್ದರಿಂದ ಮೂಟೆ ಹೇರಿದಾಗ ಹಿಂಭಾಗ ಕುಸಿದು ಕೂರುತ್ತಿದ್ದರೆ ಎಂಥ ದುಬಾರಿ ಶಾಕ್ ಹಾಕಿಸಿದರೂ ಅದು ಮೇಲೇಳುವುದಿಲ್ಲ. ಪಿಕಪ್‌ನ ಹಿಂದಿನ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಆಗ ಹೋಗಬೇಕಾದದ್ದು ಆ ಸ್ಪ್ರಿಂಗ್ ಪಟ್ಟಿ ರಿಪೇರಿ ಮಾಡುವವರ ಹತ್ತಿರ.

ಈಗ ಊರಿನ ರಸ್ತೆಗೆ ಬರೋಣ. ವೇಗತಡೆ ಉಬ್ಬು ಹೇಗಿರಬೇಕೆಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಗಾಡಿ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೇಲ್ಮೈ ಗುಂಡಗೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ದಾಟಬಹುದಾದ ಅಳತೆ ಅದು. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಕಾಣುವುದು ಒಂದೆರಡು ಅಡಿ ಅಗಲದ, ಕಡಿದಾದ ದಿಬ್ಬ. ಅದನ್ನು ಚಕ್ರ ಮುಟ್ಟಿದ ಕ್ಷಣದಲ್ಲಿ ಪಿಸ್ಟನ್ ಬಹಳ ವೇಗವಾಗಿ ಒಳಕ್ಕೆ ನುಗ್ಗಬೇಕಾಗುತ್ತದೆ. ಶಾಕ್ ಅತಿ ಗಟ್ಟಿಯಾಗಿದ್ದರೆ ಪಿಸ್ಟನ್ ಬೇಗ ಜಗ್ಗುವುದಿಲ್ಲ, ಏಟು ನೇರವಾಗಿ ಚಾಸಿಗೆ ಹೋಗುತ್ತದೆ. ಮೂಟೆಗಳಿದ್ದರೆ ಆ ಭಾರವೇ ಏಟನ್ನು ನುಂಗುತ್ತದೆ. ಖಾಲಿ ಗಾಡಿಯ ಹಿಂಭಾಗ ಮಾತ್ರ ಎಗರಿ ಬೀಳುತ್ತದೆ. ಎಗರಿದ ಚಕ್ರಕ್ಕೆ ನೆಲದ ಹಿಡಿತವಿಲ್ಲ. ಮಳೆಗಾಲದಲ್ಲಿ ಖಾಲಿ ಪಿಕಪ್‌ಗಳ ಹಿಂಭಾಗ ತಿರುವಿನಲ್ಲಿ ಪಕ್ಕಕ್ಕೆ ಜಾರುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಒಂದು ತೊಂದರೆ ಇದೆ. ಸಿಗ್ನಲ್‌ಗಳ ಮುಂಚೆ ಸಾಲಾಗಿ ಬಳಿಯುವ ತೆಳುವಾದ ಪಟ್ಟೆಗಳನ್ನು ನೆನಪಿಸಿಕೊಳ್ಳಿ. ಮೊದಲ ಪಟ್ಟೆಯಲ್ಲಿ ಕುಗ್ಗಿದ ಸ್ಪ್ರಿಂಗ್ ಎರಡನೆಯದು ಬರುವುದರೊಳಗೆ ಪೂರ್ತಿ ಹಿಗ್ಗಬೇಕು. ಹಿಗ್ಗುವಾಗಿನ ತಡೆ ವಿಪರೀತವಾಗಿದ್ದರೆ ಅದಕ್ಕೆ ಹಿಗ್ಗಲು ಸಮಯ ಸಿಗುವುದಿಲ್ಲ. ಪಟ್ಟೆಯಿಂದ ಪಟ್ಟೆಗೆ ಗಾಡಿ ಕೆಳಕ್ಕೆ ಕೂರುತ್ತಾ ಹೋಗಿ ಕೊನೆಗೆ ಚಾಸಿಯ ಕೆಳಗಿರುವ ರಬ್ಬರ್ ತಡೆಗೆ ತಾಗಿ ಬಡಿಯುತ್ತದೆ. ಬಡಿತ ಕೇಳಿದ ಮಾಲೀಕರು ಶಾಕ್ ಮೆತ್ತಗಾಯಿತೆಂದು ಭಾವಿಸಿ ಇನ್ನೂ ಗಟ್ಟಿಯಾದದ್ದನ್ನು ಹುಡುಕುತ್ತಾರೆ!

ಹಾಗಾಗಿ ನನ್ನ ಸಲಹೆ ಇಷ್ಟು. ವಾರದಲ್ಲಿ ಹೆಚ್ಚು ದಿನ ಎಷ್ಟು ಭಾರ ಹೇರುತ್ತೀರೋ ಆ ಭಾರಕ್ಕೆ ಶಾಕ್ ಆರಿಸಿ, ಹಬ್ಬದ ಹಿಂದಿನ ದಿನದ ಭಾರಕ್ಕಲ್ಲ. ಊರೊಳಗೆ ಓಡುವ ಬಹುಪಾಲು ಗಾಡಿಗಳಿಗೆ ಕಂಪನಿ ಮೊದಲು ಕೊಟ್ಟಿದ್ದ ಅಳತೆಯ, ಅದೇ ತಡೆಯ ಶಾಕ್ ಸಾಕು. ಎಣ್ಣೆಯದೋ ಗ್ಯಾಸಿನದೋ ಎಂದು ಕೇಳುತ್ತಾರೆ. ಗ್ಯಾಸ್ ಶಾಕ್‌ನಲ್ಲೂ ಕೆಲಸ ಮಾಡುವುದು ಎಣ್ಣೆಯೇ. ಜೊತೆಗೆ ಒತ್ತಡದ ನೈಟ್ರೋಜನ್ ತುಂಬಿರುತ್ತಾರೆ. ಹಾಳು ರಸ್ತೆಯಲ್ಲಿ ಎಡೆಬಿಡದೆ ಓಡಿದಾಗ ಸಾಧಾರಣ ಶಾಕ್‌ನ ಎಣ್ಣೆಯೊಂದಿಗೆ ಗಾಳಿ ಬೆರೆತು ನೊರೆಯಾಗುತ್ತದೆ, ನೊರೆ ವಾಲ್ವ್ ಮೂಲಕ ಸಲೀಸಾಗಿ ನುಸುಳಿಬಿಡುತ್ತದೆ, ತಡೆ ಕುಸಿಯುತ್ತದೆ. ನೈಟ್ರೋಜನ್ ಒತ್ತಡ ಆ ನೊರೆಯನ್ನು ತಡೆಯುತ್ತದೆ. ಬ್ರೇಕ್ ಒತ್ತಿದಾಗ ಹೆಚ್ಚಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ, ಮುಂದಕ್ಕೆ ಕಡಿಮೆ ಒತ್ತಡದ ಗ್ಯಾಸ್ ಶಾಕ್, ಹಿಂದಕ್ಕೆ ಸಾಧಾರಣ ಎಣ್ಣೆಯ ಶಾಕ್ ಹಾಕಿಸಿದರೆ ನಗರದ ಓಡಾಟಕ್ಕೆ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ. ಒಂದೇ ಕೊಳವೆಯ, ಹೆಚ್ಚಿನ ಒತ್ತಡದ ದುಬಾರಿ ಶಾಕ್‌ಗಳು ಉತ್ತಮವಾದವೇ. ಆದರೆ ಅವುಗಳಲ್ಲಿ ಪಿಸ್ಟನ್ ಹೊರಗೆ ಕಾಣುವ ಆ ಕೊಳವೆಯ ಗೋಡೆಗೇ ತಾಗಿ ಓಡುತ್ತದೆ. ಕಲ್ಲು ಸಿಡಿದು ಕೊಳವೆ ತಗ್ಗಾದರೆ ಶಾಕ್ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಸರಕು ಸಾಗಿಸುವ ಗಾಡಿಗೆ ಅಷ್ಟು ಖರ್ಚು ಬೇಕಿಲ್ಲ.

ಹಳೆಯ ಗಾಡಿಗಳ ವಿಷಯದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಶಾಕ್‌ನ ಉದ್ದದ ಬಗ್ಗೆ. ನಮ್ಮಲ್ಲಿ ಬಹಳಷ್ಟು ಪಿಕಪ್‌ಗಳಿಗೆ ಹಿಂದೆ ಒಂದೋ ಎರಡೋ ಸ್ಪ್ರಿಂಗ್ ಪಟ್ಟಿ ಹೆಚ್ಚಾಗಿ ಸೇರಿಸಿರುತ್ತಾರೆ. ಹಾಗೆ ಮಾಡಿದ ಗಾಡಿ ಖಾಲಿಯಿದ್ದಾಗ ಹಿಂಭಾಗ ಎತ್ತರವಾಗಿ ನಿಲ್ಲುತ್ತದೆ. ಆಗ ಶಾಕ್ ತನ್ನ ಪೂರ್ಣ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಪ್ರತಿ ಉಬ್ಬು ಇಳಿದಾಗಲೂ ಎರಡು ಚಕ್ರಗಳ ನಡುವಿನ ಅಡ್ಡದಂಡವಾದ ಆಕ್ಸಲ್ ಕೆಳಕ್ಕೆ ಜೋತು ಶಾಕ್ ಅನ್ನು ಜಗ್ಗುತ್ತದೆ. ಕೆಲವೇ ತಿಂಗಳಲ್ಲಿ ಶಾಕ್‌ನ ಮೇಲ್ತುದಿಯ ಬಳೆಯೊಳಗಿನ ರಬ್ಬರ್ ಬುಷ್ ಹರಿಯುತ್ತದೆ, ಇಲ್ಲವೇ ಒಳಗಿನ ಪಿಸ್ಟನ್ ಕಿತ್ತು ಬರುತ್ತದೆ. ಬಯ್ಗುಳ ಮಾತ್ರ ಶಾಕ್ ಮಾಡಿದವರಿಗೆ.

ಇದನ್ನು ಕಂಡುಕೊಳ್ಳಲು ಒಂದು ಅಳತೆ ಟೇಪ್ ಸಾಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಖಾಲಿ ನಿಲ್ಲಿಸಿ, ಹಿಂದಿನ ಶಾಕ್‌ನ ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ವರೆಗೆ ಅಳೆಯಿರಿ. ದಿನನಿತ್ಯದ ಭಾರ ಹೇರಿ ಮತ್ತೆ ಅಳೆಯಿರಿ. ಹೊಸ ಶಾಕ್‌ನ ಪೂರ್ತಿ ಬಿಚ್ಚಿದ ಉದ್ದ ನಿಮ್ಮ ಖಾಲಿ ಅಳತೆಗಿಂತ ಸಾಕಷ್ಟು ಹೆಚ್ಚಿರಬೇಕು, ಆಕ್ಸಲ್ ಜೋತಾಡಲು ಅಷ್ಟು ಜಾಗ ಉಳಿಯಬೇಕು. ಹಾಗೆಯೇ ಅದರ ಪೂರ್ತಿ ಒತ್ತಿದ ಉದ್ದ ಭಾರ ಹೇರಿದಾಗಿನ ಅಳತೆಗಿಂತ ಸಾಕಷ್ಟು ಕಡಿಮೆಯಿರಬೇಕು, ಆಕ್ಸಲ್ ಮೇಲೇರಿ ರಬ್ಬರ್ ತಡೆಗೆ ತಾಗುವ ಹೊತ್ತಿಗೂ ಶಾಕ್ ಒಳಗೆ ತಳ ಮುಟ್ಟಿರಬಾರದು. ಎರಡೂ ಒಟ್ಟಿಗೆ ಹೊಂದದಿದ್ದರೆ ಹೆಚ್ಚಿನ ಪಟ್ಟಿಯನ್ನು ತೆಗೆಸುವುದೇ ಸರಿ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗದ ಎತ್ತರ ನೋಡಿಕೊಂಡು ಹಿಂದಿನ ಬ್ರೇಕ್‌ನ ಒತ್ತಡವನ್ನು ನಿರ್ಧರಿಸುವ ವಾಲ್ವ್ ಇರುತ್ತದೆ. ಪಟ್ಟಿ ಸೇರಿಸಿ ಎತ್ತರಿಸಿದರೆ, ಗಾಡಿ ತುಂಬಿದ್ದರೂ ಆ ವಾಲ್ವ್ ಅದನ್ನು ಖಾಲಿ ಗಾಡಿಯಂತೆಯೇ ನಡೆಸಿಕೊಂಡು ಹಿಂದಿನ ಬ್ರೇಕ್ ಅನ್ನು ಕಡಿಮೆ ಮಾಡಿಬಿಡುತ್ತದೆ. ಇದು ಪ್ರಾಣದ ಪ್ರಶ್ನೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನು ಮಿತಿ ಮೀರಿ ಭಾರ ಹೇರುವವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ಶಾಕ್ ನಿಜವಾಗಿಯೂ ಹೋಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಬಂಪರ್ ಒತ್ತಿ ನೋಡುವ ಪರೀಕ್ಷೆ ಕಾರಿಗೆ ಸರಿ. ಪಿಕಪ್‌ನ ಪಟ್ಟಿಗಳು ಕೈಬಲಕ್ಕೆ ಜಗ್ಗುವುದೇ ಇಲ್ಲ. ಅದರ ಬದಲು ಹಾಳು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಸೈಲೆನ್ಸರ್ ಕೊಳವೆಗೆ ತಾಗದಂತೆ ಎಚ್ಚರವಹಿಸಿ, ನಾಲ್ಕೂ ಶಾಕ್‌ಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಜೋಡಿಯಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ. ಟೈರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೂ ಅನುಮಾನ ಪಡಬೇಕು. ಕೊಳವೆಯ ಮೇಲೆ ತುಸು ಪಸೆಯಿದ್ದು ಧೂಳು ಅಂಟಿದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಬದಲಿಸಲೇಬೇಕು. ಗಡಗಡ ಸದ್ದು ಮಾತ್ರ ಬರುತ್ತಿದ್ದರೆ ಸ್ಪ್ರಿಂಗ್‌ನ ತುದಿಯ ಬುಷ್‌ಗಳನ್ನೂ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನೂ ನೋಡಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕೊಳ್ಳುವಾಗ ಒಂದು ಆಕ್ಸಲ್‌ಗೆ ಜೋಡಿಯಾಗಿಯೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 1961ರಿಂದ ನಮ್ಮ ದೇಶದಲ್ಲಿರುವ ಗೇಬ್ರಿಯಲ್‌ನಿಂದ ಹಿಡಿದು ಮನ್ರೋವರೆಗೆ ಹಲವು ಹೆಸರುಗಳು ಸಿಗುತ್ತವೆ. ಹೆಸರಿಗಿಂತ ಮೊದಲು ಗಾಡಿಯ ಮಾದರಿ, ತಯಾರಾದ ವರ್ಷ, ಪೆಟ್ಟಿಗೆಯ ಮೇಲಿನ ಭಾಗ ಸಂಖ್ಯೆ ಈ ಮೂರೂ ಹೊಂದಿವೆಯೇ ನೋಡಿ, ಬಿಲ್ಲು ಕೇಳಿ. ಹಳೆಯ ಶಾಕ್‌ಗೆ ಬಣ್ಣ ಬಳಿದು ಹೊಸ ಎಣ್ಣೆ ತುಂಬಿ ಅರ್ಧ ಬೆಲೆಗೆ ಕೊಡುವವರಿದ್ದಾರೆ. ಅದರ ಒಳಗಿನ ವಾಲ್ವ್ ಸವೆದಿರುತ್ತದೆ, ಪಿಸ್ಟನ್ ಕಡ್ಡಿಯ ಮೇಲಿನ ಹೊಳಪು ಗೀರಿರುತ್ತದೆ. ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಆ ಗೀರು ಕಣ್ಣಿಗೇ ಕಾಣುತ್ತದೆ.

ಜೋಡಿಸುವ ಮುಂಚೆ ಮೆಕ್ಯಾನಿಕ್ ಒಂದು ಕೆಲಸ ಮಾಡುತ್ತಾರೋ ಇಲ್ಲವೋ ಪಕ್ಕದಲ್ಲೇ ನಿಂತು ಗಮನಿಸಿ. ಅಂಗಡಿಯಲ್ಲಿ ಮಲಗಿಸಿಟ್ಟ, ಒಂದರೊಳಗೊಂದು ಎರಡು ಕೊಳವೆಯಿರುವ ಎಣ್ಣೆ ಶಾಕ್‌ನ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಕೂರುವ ರೀತಿಯಲ್ಲೇ ನೆಟ್ಟಗೆ ಹಿಡಿದು ಪೂರ್ತಿ ಎಳೆದು, ಪೂರ್ತಿ ಒತ್ತಿ, ನಾಲ್ಕೈದು ಸಲ ಹಾಗೆ ಮಾಡಬೇಕು. ಮೊದಲು ಒತ್ತುವಾಗ ನಡುವೆ ಒಂದು ಕಡೆ ಪೊಳ್ಳಾಗಿ ಜಾರುವುದು ಕೈಗೆ ತಿಳಿಯುತ್ತದೆ. ಒತ್ತುತ್ತಾ ಹೋದಂತೆ ಆ ಪೊಳ್ಳು ಹೋಗಿ ಉದ್ದಕ್ಕೂ ಒಂದೇ ಬಿಗಿ ಬರುತ್ತದೆ. ಆಗಲೇ ಅದನ್ನು ಜೋಡಿಸಬೇಕು.

ಇನ್ನು ಬುಷ್‌ಗಳ ಬೋಲ್ಟ್. ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಬೋಲ್ಟನ್ನು ಪೂರ್ತಿ ಬಿಗಿದರೆ ಚಕ್ರ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಕೈಬಿಗಿಯಷ್ಟೇ ಬಿಗಿದು, ಗಾಡಿಯನ್ನು ಇಳಿಸಿ, ಅದು ತನ್ನ ಭಾರದ ಮೇಲೆ ನಿಂತ ನಂತರವೇ ಕೊನೆಯ ಬಿಗಿ ಕೊಡಬೇಕು. ಒಂದು ವಾರ ಓಡಿಸಿದ ಮೇಲೆ ಅದೇ ಬೋಲ್ಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿಸಿ.

ನಮಸ್ಕಾರ.