ರೋಸ್ ದಿನ ಅಜ್ಜಿಯ ಹಾಡಿಗೆ ದನಿ ಸೇರಿಸುವವರು ಯಾರು?

[ದೃಶ್ಯ: ತೆಂಗಿನಕಾಯಿ ತುರಿಯುವ ಸದ್ದು. ಬಿಳಿ ಬಟ್ಟೆಯಲ್ಲಿ ಹಾಲು ಹಿಂಡುತ್ತಿರುವ ಕೈ.]

ಈ ತೆಂಗಿನ ಹಾಲು ಅಡುಗೆಗಲ್ಲ. ನಾಳೆ ಮದುವೆ ಆಗುವ ಹುಡುಗಿಗೆ. ಮನೆಯವರು, ನೆಂಟರು, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ಅವಳ ಹಣೆಗೆ, ಕೈಗೆ, ಕಾಲಿಗೆ ಹಚ್ಚುತ್ತಾರೆ. ಹುಡುಗನ ಮನೆಯಲ್ಲೂ ಇದೇ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದಕ್ಕೆ ರೋಸ್ ಅಂತ ಹೆಸರು. ಗುಲಾಬಿ ಹೂವಿಗೂ ಇದಕ್ಕೂ ಸಂಬಂಧ ಇಲ್ಲ. ಕೊಂಕಣಿಯಲ್ಲಿ ರೋಸ್ ಅಂದರೆ ಕಾಯಿ ಹಾಲು, ನಮ್ಮ ರಸ ಇದೆಯಲ್ಲ, ಅದೇ ಮೂಲದ ಮಾತು.

[ದೃಶ್ಯ: ನಿರೂಪಕ, ಕ್ಯಾಮೆರಾ ಮುಂದೆ]

ನಮಸ್ಕಾರ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಮ್ಮ ನೆಂಟರ ಮನೆಯ ರೋಸ್‌ಗೆ ಹೋಗಿದ್ದೆ. ಶಾಮಿಯಾನ, ಹಳದಿ ಹೂವು, ಫೋಟೊ ತೆಗೆಯುವವರು, ದೊಡ್ಡ ಸ್ಪೀಕರ್, ಎಲ್ಲ ಇತ್ತು. ಹುಡುಗಿಯ ಅಜ್ಜಿಗೆ ಎಂಬತ್ತು ದಾಟಿದೆ. ಕುರ್ಚಿಯಲ್ಲಿ ಕೂತುಕೊಂಡೇ ಅವರು ವೊವಿಯೊ ಶುರು ಮಾಡಿದರು. ವೊವಿಯೊ ಅಂದರೆ ಮದುವೆ ಮನೆ ಹಾಡು. ಅದನ್ನು ಹಾಡುವ ಕ್ರಮ ಹೇಗೆಂದರೆ, ಹೇಳಿಕೊಡುವವರು ಒಂದು ಸಾಲು ಹೇಳಿ ನಿಲ್ಲಿಸಬೇಕು, ಸುತ್ತ ಇರುವವರು ಅದೇ ಸಾಲನ್ನು ಎತ್ತಿಕೊಂಡು ಹಾಡಬೇಕು. ಅಜ್ಜಿ ಒಂದು ಸಾಲು ಹೇಳಿದರು. ನಿಲ್ಲಿಸಿದರು.

ಯಾರೂ ಎತ್ತಿಕೊಳ್ಳಲಿಲ್ಲ.

ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಸಣ್ಣ ದನಿಯಲ್ಲಿ ಏನೋ ಗುನುಗಿದರು, ಅಷ್ಟೇ. ಅಜ್ಜಿ ಎರಡನೇ ಸಾಲು ಹೇಳಿ ಮತ್ತೆ ಕಾದರು. ಮೂರನೇ ಸಾಲಿಗೆ ಯಾರೋ ಸ್ಪೀಕರ್ ಹಾಕಿದರು, ಹಿಂದಿ ಹಾಡು ಬಂತು, ಎಲ್ಲರೂ ಖುಷಿಯಾಗಿ ಕುಣಿದರು. ನಾನೂ ಕುಣಿದೆ. ಆದರೆ ಅಜ್ಜಿ ಬಾಯಿ ಮುಚ್ಚಿಕೊಂಡು ಸುಮ್ನೆ ನೋಡುತ್ತಾ ಕೂತಿದ್ದು ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಈ ವಿಡಿಯೋ ಮಾಡ್ತಿರೋದು ಅದಕ್ಕೇ.

[ದೃಶ್ಯ: ನಕ್ಷೆ. ಗೋವಾದಿಂದ ಕಾರವಾರ, ಕುಂದಾಪುರ, ಮಂಗಳೂರು, ಕೊಚ್ಚಿ.]

ಈ ಹಾಡು ಎಲ್ಲಿಂದ ಬಂತು ಅಂತ ನೋಡೋಣ. ಕೊಂಕಣಿ ಮಾತಾಡುವ ಜನ ಗೋವಾದಿಂದ ಕರಾವಳಿಗೆ ಒಂದೇ ಸಲ ಬಂದವರಲ್ಲ. 16ನೇ ಶತಮಾನದಿಂದ ಮುಂದಕ್ಕೆ ಗುಂಪು ಗುಂಪಾಗಿ ಬಂದರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಮತಾಂತರಕ್ಕೆ ಹೆದರಿ ಗೌಡ ಸಾರಸ್ವತ ಬ್ರಾಹ್ಮಣರು ಬಂದರು. ಬೇಸಾಯ ಮಾಡುವ ಕುಡುಬಿ ಜನ ಬಂದರು. ಕ್ರೈಸ್ತರಾದವರೂ ಬಂದರು, ಯಾಕೆಂದರೆ ತೆರಿಗೆ, ಯುದ್ಧ, ಬರ ಇವು ಯಾರನ್ನೂ ಬಿಡಲಿಲ್ಲ, ಜೊತೆಗೆ 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಅನ್ನುವ ಧರ್ಮ ವಿಚಾರಣೆಯ ನ್ಯಾಯಾಲಯ ಶುರುವಾಗಿತ್ತು, ಅದು 1812ರವರೆಗೂ ನಡೆಯಿತು. ಕ್ರೈಸ್ತರಾದ ಮೇಲೂ ಹಳೆ ಪದ್ಧತಿ ಬಿಡದವರ ಮೇಲೆ ಅದರ ಕಣ್ಣು ಜಾಸ್ತಿ.

ಇಲ್ಲಿ ಎರಡು ಇಸವಿ ನೆನಪಿಟ್ಟುಕೊಳ್ಳಿ. 1684ರಲ್ಲಿ ಗೋವಾದ ವೈಸರಾಯ್ ಒಂದು ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು. ಆಮೇಲೆ 1736ರಲ್ಲಿ ಇನ್‌ಕ್ವಿಸಿಷನ್ ಇನ್ನೊಂದು ಆಜ್ಞೆ ಹೊರಡಿಸಿತು. ಅದರಲ್ಲಿ ಏನೇನು ಮಾಡಬಾರದು ಅಂತ ದೊಡ್ಡ ಪಟ್ಟಿಯೇ ಇದೆ. ಮನೆ ಹತ್ತಿರ ತುಳಸಿ ನೆಡಬಾರದು. ಮದುಮಕ್ಕಳಿಗೆ ಅರಿಶಿನ, ತೆಂಗಿನ ಹಾಲು, ತೆಂಗಿನೆಣ್ಣೆ ಹಚ್ಚಬಾರದು. ಮದುವೆಯಲ್ಲಿ ವೊವಿಯೊ ಹಾಡಬಾರದು.

ಗಮನಿಸಿದಿರಾ? ವೊವಿಯೊ ಅಂತ ಹೆಸರು ಹಿಡಿದೇ ಬರೆದಿದ್ದಾರೆ.

ನನಗೆ ಅನ್ನಿಸೋದು ಇಷ್ಟು. ಭಾಷೆ ಮತ್ತು ಪದ್ಧತಿ ಬೇರೆ ಬೇರೆ ಅಲ್ಲ ಅನ್ನೋದು ನಮಗಿಂತ ಚೆನ್ನಾಗಿ ಅರ್ಥವಾಗಿದ್ದು ಅದನ್ನು ನಿಷೇಧಿಸಿದವರಿಗೆ. ಹಾಲು ಹಚ್ಚೋದನ್ನು ಮಾತ್ರ ನಿಲ್ಲಿಸಿದರೆ ಸಾಕಾಗಲ್ಲ, ಹಾಡು ಉಳಿದರೆ ಹಾಲು ವಾಪಸ್ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. 1736ರಲ್ಲಿ ನಮ್ಮ ಕರಾವಳಿ ಕೆಳದಿ ನಾಯಕರ ಸೀಮೆ. ಆ ಆಜ್ಞೆ ಇಲ್ಲಿನ ಅಂಗಳಗಳಲ್ಲಿ ನಡೆಯಲಿಲ್ಲ. ಹಾಗಾಗಿ ಅಜ್ಜಿಯ ಅಜ್ಜಿಯರು ಹಾಡುತ್ತಾ ಬಂದರು.

[ದೃಶ್ಯ: ಹಳೆಯ ಮದುವೆ ಫೋಟೊ, ಚಾಪೆ ಮೇಲೆ ಕೂತ ಹೆಂಗಸರು]

ಆ ಹಾಡಿನಲ್ಲಿ ಏನಿದೆ? ಮೊದಲು ದೇವರ ಆಶೀರ್ವಾದ ಕೇಳುತ್ತಾರೆ. ಆಮೇಲೆ ಅಪ್ಪ ಅಮ್ಮನ ಹೆಸರು ಬರುತ್ತದೆ, ಹುಡುಗಿಯನ್ನು ಹೊಗಳುತ್ತಾರೆ. ಹಾಲು ಹಚ್ಚುವಾಗ ಹಾಲಿನ ಸಾಲು, ಎಣ್ಣೆ ಹಾಕುವಾಗ ಎಣ್ಣೆಯ ಸಾಲು. ಯಾವುದು ಆದ ಮೇಲೆ ಯಾವುದು, ಈಗ ಯಾರು ಬರಬೇಕು ಅಂತ ಹಾಡೇ ಹೇಳಿಕೊಡುತ್ತದೆ. ಯಾರೂ ಎಲ್ಲೂ ಬರೆದಿಟ್ಟುಕೊಳ್ಳಬೇಕಾಗಿರಲಿಲ್ಲ. ಹಾಡು ಹೋದರೆ ಉಳಿಯೋದು ಫೋಟೊಗೆ ನಿಂತುಕೊಳ್ಳೋದು. ಆಗ ರೋಸ್‌ಗೂ ಹಳದಿ ಕಾರ್ಯಕ್ರಮಕ್ಕೂ ವ್ಯತ್ಯಾಸವೇ ತಿಳಿಯಲ್ಲ, ಬೆಂಗಳೂರಿನಲ್ಲಿ ಈಗಾಗಲೇ ಹಾಗೆ ಆಗ್ತಿದೆ.

[ದೃಶ್ಯ: ಗುಮ್ಟೆ ಸದ್ದು. ಹೂವಿನ ಮುಂಡಾಸು ಕಟ್ಟಿದ ಗಂಡಸರು ಸುತ್ತು ಹಾಕಿ ಕುಣಿಯುತ್ತಾರೆ.]

ಇದು ಬಾರ್ಕೂರು ಕಡೆ, ಹೋಳಿ ಸಮಯ. ಇವರು ಕುಡುಬಿ ಜನ. ಮುಂಡಾಸಿನ ಮೇಲೆ ಅಬ್ಬಲಿಗೆ ಹೂವು, ಕೈಯಲ್ಲಿ ಗುಮ್ಟೆ. ಗುಮ್ಟೆ ಅಂದರೆ ಮಣ್ಣಿನ ಮಡಕೆ, ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತಾರೆ. ಮೊದಲು ಉಡದ ಚರ್ಮ ಹಾಕುತ್ತಿದ್ದರು, ಉಡ ಹಿಡಿಯೋದು ಅಪರಾಧ ಆದ ಮೇಲೆ ಆಡಿನ ಚರ್ಮಕ್ಕೆ ಬಂದರು. ಇವರ ಹೋಳಿ ಹಾಡು ಕೊಂಕಣಿಯಲ್ಲಿ. ಇದೇ ವಾದ್ಯ ಮಂಗಳೂರಿನ ಕ್ರೈಸ್ತರಲ್ಲೂ ಇದೆ, ಅವರು ಗುಮಟ್ ಅಂತಾರೆ. ಒಬ್ಬರು ಹೋಳಿಗೆ ಬಾರಿಸುತ್ತಾರೆ, ಇನ್ನೊಬ್ಬರು ಮದುವೆಗೆ. ದೇವರು ಬೇರೆ ಆದ ಮೇಲೂ ನಾವೆಲ್ಲ ಒಂದೇ ಕಡೆಯಿಂದ ಬಂದವರು ಅಂತ ನೆನಪಿಸೋಕೆ ಉಳಿದಿರೋದು ಈ ಮಾತು ಮತ್ತು ಈ ಮಡಕೆ.

ಹಾಗಂತ ಕೊಂಕಣಿ ಕದಲದೆ ಕೂತ ಭಾಷೆ ಅಲ್ಲ. ಎಲ್ಲಿಗೆ ಹೋಯಿತೋ ಅಲ್ಲಿನ ಲಿಪಿ ಹಿಡಿಯಿತು. ಗೋವಾದಲ್ಲಿ ದೇವನಾಗರಿ, ರೋಮನ್. ಕೊಚ್ಚಿಯಲ್ಲಿ ಮಲಯಾಳಂ. ನಮ್ಮಲ್ಲಿ ಕನ್ನಡ. ಮಂಗಳೂರಿನ ರಾಕ್ಣೊ ವಾರಪತ್ರಿಕೆ 1938ರಲ್ಲಿ ಶುರುವಾಯಿತು, ಕನ್ನಡ ಅಕ್ಷರದಲ್ಲಿ ಕೊಂಕಣಿ. ಕನ್ನಡ ಓದಲು ಬರುವ ಯಾರಿಗಾದರೂ ಕೊಟ್ಟರೆ ಗಟ್ಟಿಯಾಗಿ ಓದಬಹುದು, ಅರ್ಥ ಆಗದೆ ಹೋಗಬಹುದು ಅಷ್ಟೇ. ನಮ್ಮ ಅಕ್ಷರ ಇನ್ನೊಂದು ಭಾಷೆಗೆ ಮನೆ ಕೊಟ್ಟಿದೆ ಅಂತ ನೆನೆದರೆ ನನಗೆ ತುಂಬ ಹೆಮ್ಮೆ.

[ದೃಶ್ಯ: ಭತ್ತದ ತೆನೆ, ಅಂಚೆ ಲಕೋಟೆ]

ಲಕೋಟೆಯ ಕಥೆ ಹೇಳಲೇಬೇಕು. ಸೆಪ್ಟೆಂಬರ್ 8 ಮೊಂತಿ ಹಬ್ಬ, ಮೇರಿಯಮ್ಮನ ಹುಟ್ಟುಹಬ್ಬ. ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದಿಷ್ಟು ಕೊಡುತ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಕುಡಿಯುತ್ತಾರೆ. ಬಾಳೆ ಎಲೆ ಊಟ, ಮೀನು ಮಾಂಸ ಇಲ್ಲ, ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ ಇರಬೇಕು. ಈ ಊಟಕ್ಕೆ ನವೆಂ ಅಂತಾರೆ, ಅಂದರೆ ಹೊಸತು. ತುಳುವರ ಪುದ್ವಾರ್, ಕೊಡವರ ಪುತ್ತರಿ ಇದರ ಅಕ್ಕ ತಂಗಿಯರು. ಮನೆಯ ಮಗ ಮುಂಬೈಯಲ್ಲೋ ಗಲ್ಫ್‌ನಲ್ಲೋ ಇದ್ದರೆ ಆ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದರು, ಜೊತೆಗೆ ಕನ್ನಡ ಅಕ್ಷರದಲ್ಲಿ ಬರೆದ ಕೊಂಕಣಿ ಪತ್ರ. ನವೆಂ ಅನ್ನುವ ಒಂದು ಪದ ಇಲ್ಲದಿದ್ದರೆ, ಲಕೋಟೆ ಒಡೆದವನ ಕೈಗೆ ಸಿಗುತ್ತಿದ್ದುದು ನಾಲ್ಕು ಒಣಗಿದ ಕಾಳು.

[ದೃಶ್ಯ: ನಿರೂಪಕ]

ಈಗ ಉಳಿಸುವ ಕೆಲಸ ನಡೆಯುತ್ತಿಲ್ಲವಾ? ನಡೆಯುತ್ತಿದೆ. 1992ರಲ್ಲಿ ಕೊಂಕಣಿ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಗೆ ಸೇರಿತು. 2008ರ ಜನವರಿಯಲ್ಲಿ ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಇವೆಲ್ಲ ಬೇಕು. ಆದರೆ ಮಗುವಿಗೆ ಭಾನುವಾರ ಒಂದು ಗಂಟೆ ಪಾಠ ಮಾಡಿದರೆ ಭಾಷೆ ನಿಲ್ಲುತ್ತೆ ಅನ್ನೋದನ್ನು ನಾನು ನಂಬಲ್ಲ. ಭಾಷೆಗೆ ಮನೆಯಲ್ಲಿ ಒಂದು ಕೆಲಸ ಇರಬೇಕು. ಅದು ಬಾರದಿದ್ದರೆ ಮದುವೆ ನಿಲ್ಲುತ್ತೆ, ಊಟ ತಡವಾಗುತ್ತೆ ಅನ್ನುವಂಥ ಕೆಲಸ.

ಆ ಅಜ್ಜಿಯ ಇನ್ನೊಬ್ಬ ಮೊಮ್ಮಗಳಿಗೆ ಮುಂದಿನ ಜನವರಿಯಲ್ಲಿ ಮದುವೆ. ಅವಳಿಗೆ ಕೊಂಕಣಿ ಅರ್ಧಂಬರ್ಧ ಬರುತ್ತದೆ. ಈಗ ಪ್ರತಿ ಶನಿವಾರ ಸಂಜೆ ಆರೇಳು ಜನ ಅವರ ಫ್ಲ್ಯಾಟಿನಲ್ಲಿ ಸೇರುತ್ತಾರೆ, ಅಜ್ಜಿ ಒಂದು ಸಾಲು ಹೇಳಿ ನಿಲ್ಲಿಸುತ್ತಾರೆ, ಇವರು ಎತ್ತಿಕೊಳ್ಳುತ್ತಾರೆ. ಕಳೆದ ವಾರ ನಾನೂ ಹೋಗಿದ್ದೆ. ಒಂದು ಪದ ತಪ್ಪು ಹೇಳಿದ್ದಕ್ಕೆ ಅಜ್ಜಿ ಎಲ್ಲರನ್ನೂ ನಿಲ್ಲಿಸಿ ಮೊದಲಿಂದ ಹಾಡಿಸಿದರು. ನಾಲ್ಕು ಸಲ.

ನಿಮ್ಮ ಮನೆಯಲ್ಲಿ ಅರಿಶಿನ ಹಚ್ಚುವಾಗ ಸೋಬಾನೆ ಹೇಳುವವರು ಇದ್ದಾರಾ? ಇದ್ದರೆ ಇವತ್ತೇ ಅವರ ಪಕ್ಕ ಕೂತು ಮೊದಲ ಸಾಲು ಕೇಳಿ, ಅವರು ಹೇಳಿದ ಹಾಗೇ ಕೆಳಗೆ ಬರೆಯಿರಿ. ತುಳು, ಕೊಡವ, ಬ್ಯಾರಿ, ಲಂಬಾಣಿ, ಯಾವ ಭಾಷೆಯಾದರೂ ಸರಿ. ಒಂದೊಂದನ್ನೂ ಓದುತ್ತೇನೆ.

[ದೃಶ್ಯ: ಕತ್ತಲು ಪರದೆ. ಅಜ್ಜಿಯ ದನಿಯಲ್ಲಿ ಒಂದು ಸಾಲು. ಮೌನ. ಆಮೇಲೆ ಹಲವು ದನಿಗಳಲ್ಲಿ ಅದೇ ಸಾಲು.]